ಪಾರ್ಶ್ವವಾಯುವಿನ ನಂತರ ಬೀಳುವ ಅಪಾಯವನ್ನು ಅಳೆಯುವ ಬಗೆ

ಶಿವಮೊಗ್ಗದ ಆಸ್ಪತ್ರೆಯ ಸಮನೆಲದಲ್ಲಿ ಚೆನ್ನಾಗಿ ನಡೆದವರು ತೀರ್ಥಹಳ್ಳಿ ಕಡೆಯ ತಮ್ಮ ಮನೆಯ ಎತ್ತರದ ಹೊಸ್ತಿಲು ದಾಟುವಾಗ ಅಥವಾ ಮಳೆಗಾಲದ ಪಾಚಿಗಟ್ಟಿದ ಅಂಗಳದಲ್ಲಿ ಬೀಳಬಹುದು. ಹೀಗಾಗಿ ಪರೀಕ್ಷೆಯ ಅಂಕದಷ್ಟೇ ಮನೆಯ ನೆಲಕ್ಕೂ ಗಮನ ಕೊಡಬೇಕು.

ಮೊದಲು ವಿಚಾರಿಸಿ. 'ಬಿದ್ದಿದ್ದೀರಾ?' ಎಂದರೆ ಮಕ್ಕಳಿಗೆ ಗಾಬರಿಯಾದೀತೆಂದು ಅನೇಕ ಹಿರಿಯರು ಇಲ್ಲವೆನ್ನುತ್ತಾರೆ. 'ಅಜ್ಜಾ, ಗೋಡೆ ಹಿಡಿದುಕೊಂಡೇ ಹೋಗಬೇಕು ಅನ್ನಿಸುವ ಜಾಗ ಯಾವುದು?' ಎಂದು ಕೇಳಿದರೆ ನಿಜ ಹೊರಬರುತ್ತದೆ. ಅನಂತರ ಮಲಗಿದ್ದಾಗಲೂ, ಎದ್ದು ನಿಂತ 1 ಮತ್ತು 3 ನಿಮಿಷಗಳಲ್ಲೂ ರಕ್ತದೊತ್ತಡ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10ರಷ್ಟು ಇಳಿದರೆ, ವೈದ್ಯರಿಗೆ ತಿಳಿಸಿ.

ನಿಲ್ಲಿಸುವ ಮುನ್ನ ಆಸರೆಯಿಲ್ಲದೆ ಕುಳಿತುಕೊಳ್ಳಬಲ್ಲರೇ ಎಂದು ಖಚಿತಪಡಿಸಿಕೊಳ್ಳಿ. ನಿಂತು ಮಾಡುವ ಪರೀಕ್ಷೆಗಳನ್ನು ಫಿಸಿಯೋಥೆರಪಿಸ್ಟ್ ಅಥವಾ ತರಬೇತಿ ಪಡೆದವರು ಮಾಡುವುದು ಕ್ಷೇಮ. ಅವರು ರೋಗಿಯ ದುರ್ಬಲ ಬದಿಯಲ್ಲಿ ತುಸು ಹಿಂದೆ ನಿಂತು ಸೊಂಟಕ್ಕೆ ಕಟ್ಟಿದ ಅಗಲವಾದ ಪಟ್ಟಿಯನ್ನು ಹಿಡಿದಿರಬೇಕು. ಸ್ವಾಧೀನ ತಪ್ಪಿದ ಕೈಯನ್ನು ಎಳೆದು ಎಬ್ಬಿಸುವುದು ಭುಜದ ಕೀಲಿಗೆ ಹಾನಿ ಮಾಡುವುದರಿಂದ ಅದನ್ನು ಎಂದಿಗೂ ಮಾಡಬಾರದು.

ಹೆಚ್ಚು ಬಳಕೆಯಲ್ಲಿರುವುದು ಟೈಮ್ಡ್ ಅಪ್ ಅಂಡ್ ಗೋ ಪರೀಕ್ಷೆ. ಕೈಯಾನಿಕೆಯಿರುವ ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕುಳಿತುಕೊಳ್ಳುವವರೆಗಿನ ಸಮಯವನ್ನು ಅಳೆಯಲಾಗುತ್ತದೆ. ದಿನವೂ ಹಾಕುವ ಚಪ್ಪಲಿ ಮತ್ತು ಹಿಡಿಯುವ ಊರುಗೋಲಿನೊಂದಿಗೆ, ಅವರದೇ ವೇಗದಲ್ಲಿ ನಡೆಯಲಿ. ಸಾಮಾನ್ಯವಾಗಿ 14 ಸೆಕೆಂಡಿಗಿಂತ ಹೆಚ್ಚಾದರೆ ಎಚ್ಚರ ಬೇಕು. ನನ್ನ ಅಭಿಪ್ರಾಯದಲ್ಲಿ ಸೆಕೆಂಡುಗಳಿಗಿಂತಲೂ ತಿರುಗುವ ರೀತಿ ಹೆಚ್ಚು ಹೇಳುತ್ತದೆ: ತಿರುಗುವಾಗ ಹಲವು ಪುಟ್ಟ ಹೆಜ್ಜೆಗಳನ್ನಿಡುವವರು, ಮಾತಾಡಿಸಿದರೆ ನಿಂತೇಬಿಡುವವರು, ಪಾದದ ತುದಿ ನೆಲಕ್ಕೆ ತಾಗುವವರು ಗಮನಕ್ಕೆ ಅರ್ಹರು.

ಇನ್ನೊಂದು ಪರೀಕ್ಷೆಯಾದ ಬರ್ಗ್ ಸಮತೋಲನ ಮಾಪನದಲ್ಲಿ ಎದ್ದು ನಿಲ್ಲುವುದು, ತಿರುಗುವುದು ಮುಂತಾದ 14 ಕೆಲಸಗಳಿದ್ದು, ತಲಾ 0ಯಿಂದ 4ರವರೆಗೆ, ಒಟ್ಟು 56 ಅಂಕಗಳಿರುತ್ತವೆ. 45ಕ್ಕಿಂತ ಕಡಿಮೆ ಅಂಕವನ್ನು ಅಪಾಯದ ಸೂಚನೆಯೆಂದು ಪರಿಗಣಿಸುವ ವಾಡಿಕೆಯಿದೆ, ಆದರೆ ಅದು ಗೆರೆ ಎಳೆದಂಥ ಮಿತಿಯಲ್ಲ. 50 ಅಂಕ ಬಂದವರೂ ಬಿದ್ದಾರು.

ಮಿದುಳಿನ ಬಲಭಾಗಕ್ಕೆ ಪೆಟ್ಟಾದವರಲ್ಲಿ ಕೆಲವರು ತಮ್ಮ ಎಡಗಡೆಯನ್ನೇ ಮರೆತುಬಿಡುತ್ತಾರೆ. ಕಾಲಿನ ಬಲ ಚೆನ್ನಾಗಿದ್ದರೂ ಎಡಗಡೆಯ ಕಂಬ, ಹೊಸ್ತಿಲುಗಳಿಗೆ ಎಡವುವ ಇವರೇ ನನಗೆ ಹೆಚ್ಚು ಆತಂಕ ಹುಟ್ಟಿಸುವವರು, ಏಕೆಂದರೆ ಅವರಿಗೆ ಅಪಾಯದ ಅರಿವೇ ಇರುವುದಿಲ್ಲ. ಊಟದ ತಟ್ಟೆಯ ಎಡಭಾಗವನ್ನು ಬಿಟ್ಟು ಉಣ್ಣುವುದೂ ಇದರ ಕುರುಹಾಗಬಹುದು.

ಕೊನೆಗೆ ಮನೆಯಲ್ಲಿ ಅವರ ಜೊತೆಗೇ ನಡೆಯಿರಿ: ಮಂಚದಿಂದ ಬಚ್ಚಲುಮನೆಗೆ, ಜಗಲಿಯಿಂದ ಅಂಗಳಕ್ಕೆ, ರಾತ್ರಿ ಬೆಳಕು ಕಡಿಮೆಯಿದ್ದಾಗಲೂ. ತೋಟದ ದಾರಿಯ ಸಂಕದ (ಕಿರುಸೇತುವೆಯ) ಮೇಲೆ ಒಬ್ಬರನ್ನೇ ಕಳುಹಿಸಬೇಡಿ. ಛತ್ರಿ ಹಿಡಿದ ಕೈ ಊರುಗೋಲು ಹಿಡಿಯಲಾರದು. ಜಡಿಮಳೆಯ ದಿನಗಳಿಗೆ ರೈನ್‌ಕೋಟ್ ಇರಲಿ.

ಔಷಧಿ ಬದಲಾದಾಗ, ಮಳೆಗಾಲ ಹಿಡಿಯುವ ಮುನ್ನ ಮತ್ತು ಒಮ್ಮೆ ಬಿದ್ದ ಮೇಲೆ ಪರೀಕ್ಷೆಯನ್ನು ಮತ್ತೆ ಮಾಡಿಸಿ. ರಕ್ತ ತೆಳುಗೊಳಿಸುವ ಮಾತ್ರೆ ತೆಗೆದುಕೊಳ್ಳುವವರು ತಲೆ ತಾಗುವಂತೆ ಬಿದ್ದರೆ, ಗಾಯ ಕಾಣದಿದ್ದರೂ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.