ಮೈಸೂರು–ಮಂಡ್ಯಕ್ಕೊಂದು ಚೆಸ್ ಸರ್ಕಿಟ್: ಟೂರ್ನಿ ಆರಿಸುವ ಕ್ರಮ, ಶ್ರೇಯಾಂಕದ ಲೆಕ್ಕ

ಮೈಸೂರಿನಲ್ಲಿ ಒಂದು ಭಾನುವಾರ, ಮಂಡ್ಯದಲ್ಲಿ ಇನ್ನೊಂದು ಭಾನುವಾರ ಎಂದು ಬಿಡಿಬಿಡಿಯಾಗಿ ಟೂರ್ನಿ ನಡೆಸಿದರೆ ಟ್ರೋಫಿ ಕೊಟ್ಟ ಸಂಜೆಗೇ ಎಲ್ಲವೂ ಮುಗಿದುಹೋಗುತ್ತದೆ. ಅಂಥ ಎಂಟು ಟೂರ್ನಿಗಳನ್ನು ಒಂದೇ ದಾರಕ್ಕೆ ಪೋಣಿಸಿ ವರ್ಷಕ್ಕೊಂದು ಶ್ರೇಯಾಂಕ ಪಟ್ಟಿ ಮಾಡಿದರೆ, ಜೂನ್‌ನಲ್ಲಿ ಸೋತ ಹುಡುಗಿಗೆ ಫೆಬ್ರವರಿವರೆಗೂ ಆಡಲು ಕಾರಣ ಉಳಿಯುತ್ತದೆ. ನಿಯಮ ಸಡಿಲವಾಗಿದ್ದರೆ ಅದೇ ಪಟ್ಟಿಯಿಂದ ಜಗಳವೂ ಹುಟ್ಟುತ್ತದೆ. ಎರಡು ಜಿಲ್ಲೆಗಳ ಕ್ಲಬ್‌ಗಳು ಸೇರಿ ಇಂಥದ್ದೊಂದು ಸರ್ಕಿಟ್ ಕಟ್ಟುವುದು ಹೇಗೆ, ಅದು ಎಲ್ಲೆಲ್ಲಿ ಎಡವುತ್ತದೆ ಎಂಬುದನ್ನು ಇಲ್ಲಿ ವಿವರಿಸಿದೆ.

ಕೂಡುವ ಲೆಕ್ಕ, ಕಳೆಯುವ ಲೆಕ್ಕ

"ಫಿಡೆ ರೇಟಿಂಗ್ ಇದೆಯಲ್ಲ, ಇನ್ನೊಂದು ಪಟ್ಟಿ ಯಾಕೆ?" ಎಂದು ಪೋಷಕರು ಕೇಳಿಯೇ ಕೇಳುತ್ತಾರೆ. ಉತ್ತರ ಮೊದಲೇ ಸಿದ್ಧವಿರಲಿ. ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆ ಆಟಗಾರರ ಬಲಕ್ಕೆ ಕೊಡುವ ಅಂಕವೇ ರೇಟಿಂಗ್. ಅದು ಬ್ಯಾಂಕಿನ ಖಾತೆಯಂತೆ: ಗೆದ್ದರೆ ಜಮಾ, ಸೋತರೆ ಖರ್ಚು, ಆಡದಿದ್ದರೆ ಇದ್ದದ್ದು ಇದ್ದಂತೆಯೇ. ಅದನ್ನು ಉಳಿಸಿಕೊಳ್ಳಲೆಂದೇ ಟೂರ್ನಿ ತಪ್ಪಿಸಿ ಮನೆಯಲ್ಲಿ ಕೂರುವವರಿದ್ದಾರೆ. ಸರ್ಕಿಟ್ ಪಟ್ಟಿಯಲ್ಲಿ ಕಳೆಯುವ ಮಾತೇ ಇಲ್ಲ. ಕೆಟ್ಟ ದಿನ ಬಂದರೆ ಆ ದಿನಕ್ಕೆ ಸೊನ್ನೆ, ಹಿಂದೆ ಗಳಿಸಿದ್ದಕ್ಕೆ ಧಕ್ಕೆಯಿಲ್ಲ. ಮನೆಯಲ್ಲಿ ಕೂತವರಿಗೆ ಮಾತ್ರ ಏನೂ ಸಿಗುವುದಿಲ್ಲ. ಮಕ್ಕಳು ಬಂದು ಆಡಬೇಕು ಎಂಬುದೇ ಕ್ಲಬ್ಬಿನ ಆಸೆಯಾದರೆ ಈ ಎರಡನೆಯ ಲೆಕ್ಕ ಬೇಕೇ ಬೇಕು.

ಇದಕ್ಕೆ ಒಳ್ಳೆಯ ಮಾದರಿ ಫಿಡೆ 2023ರಲ್ಲಿ ಶುರು ಮಾಡಿದ ಫಿಡೆ ಸರ್ಕಿಟ್. ಟೂರ್ನಿಯಲ್ಲಿ ಪಡೆದ ಸ್ಥಾನಕ್ಕೆ ಇಂತಿಷ್ಟು ಮೂಲ ಅಂಕ; ಅದನ್ನು ಟೂರ್ನಿಯ ಬಲದಿಂದ ಗುಣಿಸುತ್ತಾರೆ. ಬಲ ಅಳೆಯುವುದು ಸರಳ: ಅತಿ ಹೆಚ್ಚು ರೇಟಿಂಗ್ ಇರುವ ಎಂಟು ಆಟಗಾರರ ಸರಾಸರಿ ತೆಗೆದು, 2500 ಕಳೆದು, 100ರಿಂದ ಭಾಗಿಸುವುದು. ಸರಾಸರಿ 2700 ಇದ್ದರೆ ಗುಣಕ 2, 2550 ಇದ್ದರೆ ಅರ್ಧ. ವರ್ಷದ ಎಲ್ಲ ಫಲಿತಾಂಶಗಳನ್ನೂ ಕೂಡುವುದಿಲ್ಲ, ಅತ್ಯುತ್ತಮವಾದ ಕೆಲವನ್ನಷ್ಟೇ. ಮೊದಲ ಸ್ಥಾನದವರಿಗೆ, ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಎಂಟು ಜನರ ಕ್ಯಾಂಡಿಡೇಟ್ಸ್ ಟೂರ್ನಿಗೆ ಪ್ರವೇಶ. 2023ರಲ್ಲಿ ಮುಂದಿದ್ದ ಫ್ಯಾಬಿಯಾನೊ ಕರುವಾನಾ ವಿಶ್ವಕಪ್ ಮೂಲಕ ಮೊದಲೇ ಅರ್ಹತೆ ಪಡೆದಿದ್ದರಿಂದ ಆ ಸೀಟು ಡಿ. ಗುಕೇಶ್‌ಗೆ ಬಂತು. 2024ರ ಏಪ್ರಿಲ್‌ನಲ್ಲಿ ಟೊರೊಂಟೊದಲ್ಲಿ ಅವರು ಕ್ಯಾಂಡಿಡೇಟ್ಸ್ ಗೆದ್ದರು, ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಆದರು. ಪಟ್ಟಿಯ ಒಂದು ಸಾಲಿಗೆ ಇಷ್ಟು ತೂಕವಿದೆ. 2025ರ ಸರ್ಕಿಟ್ ಸೀಟು ಆರ್. ಪ್ರಜ್ಞಾನಂದ ಅವರದಾಯಿತು.

ಕ್ಯಾಲೆಂಡರ್ ಮೊದಲು

ಜೂನ್‌ನಿಂದ ಫೆಬ್ರವರಿ ಮಧ್ಯದವರೆಗೆ ಎಂಟು ಟೂರ್ನಿ ಸಾಕು. ಮಾರ್ಚ್ ಪರೀಕ್ಷೆಯ ತಿಂಗಳು, ಆ ಕಡೆ ಹೋಗಲೇಬಾರದು. ಜಾಗದ ವಿಷಯದಲ್ಲಿ ನಮ್ಮ ಪಂಚಾಂಗವೇ ಸಹಾಯಕ್ಕೆ ಬರುತ್ತದೆ: ಆಷಾಢದಲ್ಲಿ ಮದುವೆಯಿಲ್ಲ, ಕಲ್ಯಾಣ ಮಂಟಪಗಳು ಖಾಲಿ, ಬಾಡಿಗೆಯಲ್ಲೂ ಚೌಕಾಸಿಗೆ ಅವಕಾಶ. ದೊಡ್ಡ ಟೂರ್ನಿಯನ್ನು ಅಲ್ಲಿಗೆ ಇಡಿ. ಶ್ರಾವಣ ಬಂದ ಮೇಲೆ ಮುಹೂರ್ತದ ಭಾನುವಾರಗಳಲ್ಲಿ ಮಂಟಪ ಸಿಗುವುದು ಕಷ್ಟ, ಆಗ ಶಾಲೆಗಳ ಸಭಾಂಗಣವೇ ಗತಿ. ದಸರಾ ವಾರಗಳಲ್ಲಿ ಮೈಸೂರಿನ ರಸ್ತೆ, ಲಾಡ್ಜ್ ಎಲ್ಲ ಭರ್ತಿ. ಆ ಸುತ್ತಿನ ಟೂರ್ನಿ ಮಂಡ್ಯಕ್ಕೋ ಮದ್ದೂರಿಗೋ ಹೋಗಲಿ.

ಒಂದೇ ದಿನದಲ್ಲಿ ಮುಗಿಯಬೇಕಾದರೆ ರ‍್ಯಾಪಿಡ್ ಆಡಿಸಬೇಕು. 15 ನಿಮಿಷ, ಪ್ರತಿ ನಡೆಗೆ 10 ಸೆಕೆಂಡ್ ಎಂದಿಟ್ಟುಕೊಳ್ಳಿ. 60 ನಡೆಗೆ ಒಬ್ಬರಿಗೆ 25 ನಿಮಿಷ, ಒಂದು ಸುತ್ತಿಗೆ 50. ಏಳು ಸುತ್ತಿಗೆ 350 ನಿಮಿಷ, ನಡುವಿನ ಆರು ಬಿಡುವುಗಳಲ್ಲಿ ಯಾರಿಗೆ ಯಾರು ಎದುರಾಳಿ ಎಂದು ಗೊತ್ತುಮಾಡುವ ಪೇರಿಂಗ್‌ಗೆ ಹತ್ತು ಹತ್ತು ನಿಮಿಷ, ಊಟಕ್ಕೆ 45. ಬೆಳಗ್ಗೆ 9.30ಕ್ಕೆ ಗಡಿಯಾರ ಒತ್ತಿದರೆ ಸಂಜೆ 5.05ಕ್ಕೆ ಮುಗಿಯುತ್ತದೆ. ಉದ್ಘಾಟನಾ ಭಾಷಣ 11ರವರೆಗೆ ಎಳೆದರೆ ಕೊನೆಯ ಸುತ್ತಿನಲ್ಲಿ ಅರ್ಧ ಮಕ್ಕಳ ಕಣ್ಣು ಬೋರ್ಡಿನ ಮೇಲಲ್ಲ, ರೈಲಿನ ಹೊತ್ತಿನ ಮೇಲಿರುತ್ತದೆ. ಆ ಸುತ್ತೇ ಶ್ರೇಯಾಂಕ ನಿರ್ಧರಿಸುವುದು, ಆದ್ದರಿಂದ ಭಾಷಣಗಳನ್ನು ಬಹುಮಾನ ವಿತರಣೆಗೆ ಮುಂದೂಡಿ. ಸ್ಟ್ಯಾಂಡರ್ಡ್ ಆಟ ಬೇಕೆಂದರೆ 90 ನಿಮಿಷಕ್ಕೆ ಪ್ರತಿ ನಡೆಗೆ 30 ಸೆಕೆಂಡ್ ಸೇರಿಸಿ ಒಂದು ಸುತ್ತಿಗೆ ನಾಲ್ಕು ಗಂಟೆ. ದಿನಕ್ಕೆರಡು ಸುತ್ತಿನಂತೆ ಏಳಕ್ಕೆ ನಾಲ್ಕು ದಿನ. ಅದು ದಸರಾ ರಜೆಗೆ ಅಥವಾ ಡಿಸೆಂಬರ್ ಕೊನೆಗೆ ಮಾತ್ರ ಹೊಂದುತ್ತದೆ.

ಯಾವ ಟೂರ್ನಿಯನ್ನು ಒಳಗೆ ತೆಗೆದುಕೊಳ್ಳಬೇಕು? ಬಹುಮಾನದ ಮೊತ್ತ ನೋಡಿ ತೀರ್ಮಾನಿಸಬೇಡಿ. ಕನಿಷ್ಠ 32 ಆಟಗಾರರು, ಅವರಲ್ಲಿ ಕನಿಷ್ಠ 8 ಮಂದಿ ರೇಟಿಂಗ್ ಉಳ್ಳವರು, ಕನಿಷ್ಠ 6 ಸುತ್ತು, ಮೂರು ತಾಲ್ಲೂಕುಗಳಿಂದಾದರೂ ಆಟಗಾರರು, ಅರ್ಹ ಆರ್ಬಿಟರ್ (ತೀರ್ಪುಗಾರ), ಕಂಪ್ಯೂಟರ್ ಪೇರಿಂಗ್. ಸುತ್ತಿನ ಸಂಖ್ಯೆಗೆ ಕಾರಣವಿದೆ: ಸ್ವಿಸ್ ಪದ್ಧತಿಯಲ್ಲಿ (ಸೋತವರು ಹೊರಬೀಳದೆ, ಪ್ರತಿ ಸುತ್ತಿನಲ್ಲೂ ಹೆಚ್ಚುಕಡಿಮೆ ಸಮಾನ ಅಂಕದವರು ಎದುರಾಗುವ ಕ್ರಮ) ಎಲ್ಲ ಆಟ ಗೆದ್ದವರು ಒಬ್ಬರೇ ಉಳಿಯಬೇಕಾದರೆ 64 ಜನರವರೆಗೆ 6 ಸುತ್ತು, 128ರವರೆಗೆ 7 ಸುತ್ತು ಬೇಕು. ನೂರು ಮಕ್ಕಳನ್ನು ಸೇರಿಸಿ ಐದು ಸುತ್ತು ಆಡಿಸಿದರೆ ಐದಕ್ಕೆ ಐದು ಗಳಿಸಿದವರು ಇಬ್ಬರು, ಮೂವರು ಇರಬಹುದು. ಆಗ ಪ್ರಶಸ್ತಿಯನ್ನು ಅವರ ಎದುರಾಳಿಗಳ ಅಂಕ ತೀರ್ಮಾನಿಸುತ್ತದೆ.

ತಾಲ್ಲೂಕಿನ ಷರತ್ತು ಕೆಲವರಿಗೆ ಅನಗತ್ಯ ಎನಿಸಬಹುದು. ಒಂದೇ ಅಕಾಡೆಮಿಯ ಮಕ್ಕಳು ತಮ್ಮತಮ್ಮಲ್ಲೇ ಆಡಿ ಅಂಕ ಹಂಚಿಕೊಳ್ಳದಿರಲು ಅದೊಂದೇ ತಡೆ.

ಬಲದ ಗುಣಕ

ಇದು ಇಡೀ ಪಟ್ಟಿಯ ಬೆನ್ನೆಲುಬು. ಫಿಡೆಯ 2500 ನಮ್ಮ ಊರಿಗೆ ಹೊಂದುವುದಿಲ್ಲ. 1200 ಕಳೆದು 300ರಿಂದ ಭಾಗಿಸಿ. ಸರಾಸರಿ 1500 ಇದ್ದರೆ ಗುಣಕ 1, 1650ಕ್ಕೆ 1.5, 1800ಕ್ಕೆ 2. ಮೇಲ್ಮಿತಿ 2.5 ಇರಲಿ. ಇಲ್ಲದಿದ್ದರೆ ಮೈಸೂರಿನವರೇ ಆದ, 2017ರಲ್ಲಿ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಎಂ.ಎಸ್. ತೇಜ್‌ಕುಮಾರ್ ಅವರಂಥ ಮೂರ್ನಾಲ್ಕು ಘಟಾನುಘಟಿಗಳು ಒಂದು ಟೂರ್ನಿಗೆ ಬಂದರೂ ಉಳಿದ ಏಳು ಟೂರ್ನಿಗಳ ಅಂಕಕ್ಕೆ ಬೆಲೆಯೇ ಇರುವುದಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಮೊದಲ ಎಂಟು ರೇಟಿಂಗ್: 1912, 1844, 1760, 1705, 1668, 1590, 1546, 1495. ಮೊತ್ತ 13520, ಸರಾಸರಿ 1690. ಅದರಲ್ಲಿ 1200 ಕಳೆದರೆ 490; 300ರಿಂದ ಭಾಗಿಸಿದರೆ 1.6333.

ಇಲ್ಲಿ ಮೂರು ಕಡೆ ಎಡವುತ್ತಾರೆ. ಮೊದಲನೆಯದು, ಹೆಸರು ನೋಂದಾಯಿಸಿ ಬಾರದವರ ರೇಟಿಂಗ್ ಸೇರಿಸುವುದು. ಕನಿಷ್ಠ ನಾಲ್ಕು ಸುತ್ತು ಬೋರ್ಡಿನ ಮುಂದೆ ಕೂತು ಆಡಿದವರನ್ನಷ್ಟೇ ಎಣಿಸಬೇಕು, ಹಾಗಾಗಿ ಗುಣಕವನ್ನು ಟೂರ್ನಿ ಮುಗಿದ ಮೇಲೆಯೇ ಘೋಷಿಸಿ. ಎರಡನೆಯದು, ಆ ನಿಯಮ ಹಾಕಿದ ಮೇಲೆ ಎಣಿಕೆಗೆ ಎಂಟು ಜನ ಸಿಗದಿರುವುದು. ಕೊರತೆ ಬಿದ್ದ ಜಾಗಕ್ಕೆ 1400 ತುಂಬಿ. ಫಿಡೆ ಪಟ್ಟಿಯ ಕನಿಷ್ಠ ಮಿತಿ ಅದೇ. ಮೂರನೆಯದು, ಹಳೆಯ ಪಟ್ಟಿ ಬಳಸುವುದು. ಫಿಡೆ ರೇಟಿಂಗ್ ಪ್ರತಿ ತಿಂಗಳ 1ರಂದು ಬದಲಾಗುತ್ತದೆ, ಟೂರ್ನಿ ಶುರುವಾಗುವ ತಿಂಗಳ ಪಟ್ಟಿಯೇ ಪ್ರಮಾಣ. ಹಿಂದಿನ ವರ್ಷಗಳ ಟೂರ್ನಿಗಳ ಬಲವನ್ನು ಈಗಿನದರ ಜೊತೆ ಹೋಲಿಸುವವರು 2024ರ ಮಾರ್ಚ್ 1 ಅನ್ನು ಮರೆಯಬಾರದು: ಅಂದು ಫಿಡೆ ಕನಿಷ್ಠ ಮಿತಿಯನ್ನು 1000ದಿಂದ 1400ಕ್ಕೆ ಏರಿಸಿ, 2000ಕ್ಕಿಂತ ಕಡಿಮೆ ಸ್ಟ್ಯಾಂಡರ್ಡ್ ರೇಟಿಂಗ್ ಇದ್ದ ಎಲ್ಲರಿಗೂ 2000ಕ್ಕೆ ಇದ್ದ ಅಂತರದ ಶೇ 40ರಷ್ಟನ್ನು ಸೇರಿಸಿತು. 1500 ಇದ್ದವರು ರಾತ್ರಿ ಬೆಳಗಾಗುವುದರಲ್ಲಿ 1700 ಆದರು.

ಸ್ಥಾನದ ಅಂಕ, ಸಮಬಲದ ತಕರಾರು

ಮೊದಲ ಹತ್ತು ಸ್ಥಾನಕ್ಕೆ 12, 10, 8, 7, 6, 5, 4, 3, 2, 1. ಸಮಾನ ಅಂಕ ಗಳಿಸಿದವರಿಗೆ ಆ ಸ್ಥಾನಗಳ ಅಂಕವನ್ನು ಕೂಡಿಸಿ ಸಮನಾಗಿ ಹಂಚಿ. ಎರಡರಿಂದ ನಾಲ್ಕನೆಯ ಸ್ಥಾನಕ್ಕೆ ಮೂವರಿದ್ದರೆ 10+8+7, ಅಂದರೆ 25ನ್ನು ಮೂರರಿಂದ ಭಾಗಿಸಿ ತಲಾ 8.3333. ಮೇಲಿನ ಗುಣಕದಿಂದ ಗುಣಿಸಿದರೆ 13.61. ನಡುವೆಯೇ 8.33, 1.63 ಎಂದು ಕತ್ತರಿಸಿಕೊಂಡು ಗುಣಿಸಿದರೆ 13.58 ಬರುತ್ತದೆ. ಐದು ಟೂರ್ನಿ ಸೇರಿದಾಗ ಈ ಚಿಲ್ಲರೆಯೇ ಇಬ್ಬರ ಸ್ಥಾನ ಅದಲುಬದಲು ಮಾಡಬಲ್ಲದು. ಕೊನೆಯ ಹೆಜ್ಜೆಯಲ್ಲಷ್ಟೇ ಎರಡು ದಶಮಾಂಶಕ್ಕೆ ಇಳಿಸಿ.

ಟ್ರೋಫಿ ಯಾರ ಕೈಗೆ ಎಂಬುದಕ್ಕೆ ಟೈ-ಬ್ರೇಕ್, ಅಂದರೆ ಸಮಬಲದವರಲ್ಲಿ ಮುಂದಿನವರನ್ನು ಗೊತ್ತುಮಾಡುವ ಲೆಕ್ಕ ಬೇಕು, ಸರಿ. ಸರ್ಕಿಟ್ ಅಂಕಕ್ಕೆ ಬೇಡ. ಬುಕ್‌ಹೋಲ್ಜ್ ಎಂಬ ಟೈ-ಬ್ರೇಕ್ ಎಂದರೆ ಎದುರಾಳಿಗಳ ಅಂಕಗಳ ಮೊತ್ತ. ನಿಮ್ಮ ಎದುರಾಳಿ ಮಧ್ಯಾಹ್ನ ಊಟವಾದ ಮೇಲೆ ಆಟ ಬಿಟ್ಟು ಹೊರಟರೆ ನಿಮ್ಮ ಬುಕ್‌ಹೋಲ್ಜ್ ಕುಸಿಯಬಹುದು. ನಿಮ್ಮ ತಪ್ಪಿಲ್ಲದ ಆ ಕುಸಿತ ವರ್ಷದ ಪಟ್ಟಿಗೂ ಅಂಟಿಕೊಳ್ಳಬಾರದು.

ಎಂಟರಲ್ಲಿ ಐದು

ಎಲ್ಲ ಎಂಟೂ ಎಣಿಸಿದರೆ ಪಟ್ಟಿ ಹಾಜರಿ ಪುಸ್ತಕವಾಗುತ್ತದೆ. ಗುಣಕ 1.5 ಇರುವ ಎಂಟು ಟೂರ್ನಿಯಲ್ಲೂ ಐದನೆಯ ಸ್ಥಾನ ಪಡೆದವನಿಗೆ ತಲಾ 9ರಂತೆ 72. ಕೆ.ಆರ್. ಪೇಟೆಯಿಂದ ಐದಕ್ಕೆ ಮಾತ್ರ ಬರಲು ಸಾಧ್ಯವಾಗಿ, ಐದರಲ್ಲೂ ಮೂರನೆಯ ಸ್ಥಾನ ಪಡೆದವಳಿಗೆ 60. ಚೆನ್ನಾಗಿ ಆಡಿದವಳೇ ಹಿಂದೆ ಬಿದ್ದಳು. ಅತ್ಯುತ್ತಮ ಐದು ಮಾತ್ರ ಎಂದರೆ ಅವನಿಗೆ 45, ಅವಳಿಗೆ 60. ಇದರ ಜೊತೆಗೆ, ಎಣಿಕೆಗೆ ಬರುವ ಐದರಲ್ಲಿ ಒಂದೇ ಊರಿನವು ಮೂರಕ್ಕಿಂತ ಹೆಚ್ಚು ಇರಬಾರದು ಎಂಬ ಷರತ್ತು ಹಾಕಿ. ಇಲ್ಲದಿದ್ದರೆ ಮೈಸೂರಿನ ಮಕ್ಕಳು ಊರು ಬಿಟ್ಟು ಕದಲುವುದಿಲ್ಲ, ಮಂಡ್ಯದವರೇ ಪ್ರತಿ ಬಾರಿ ಬಸ್ಸು ಹತ್ತಬೇಕಾಗುತ್ತದೆ.

ಋತುವಿನ ನಡುವೆ ಹೊಸ ಟೂರ್ನಿ ಸೇರಿಸುವುದಕ್ಕೆ ಕಡ್ಡಾಯ ಗಡುವು ಬೇಕು. 2023ರ ಡಿಸೆಂಬರ್‌ನಲ್ಲಿ, ಫಿಡೆ ಸರ್ಕಿಟ್ ಮುಗಿಯಲು ದಿನಗಳಿರುವಾಗ ಚೆನ್ನೈ ಗ್ರ್ಯಾಂಡ್ ಮಾಸ್ಟರ್ಸ್ ಟೂರ್ನಿ ನಡೆಯಿತು. ಅದನ್ನು ಟೈ-ಬ್ರೇಕ್‌ನಲ್ಲಿ ಗೆದ್ದ ಗುಕೇಶ್ ಸರ್ಕಿಟ್ ಪಟ್ಟಿಯಲ್ಲಿ ಅನೀಶ್ ಗಿರಿಯನ್ನು ಹಿಂದಿಕ್ಕಿದರು. ಅದೇ ತಿಂಗಳು, ರೇಟಿಂಗ್ ಆಧಾರದ ಮೇಲೆ ಕೊಡುವ ಕ್ಯಾಂಡಿಡೇಟ್ಸ್ ಸೀಟಿಗಾಗಿ ಅಲಿರೆಜಾ ಫಿರೌಜಾ ಫ್ರಾನ್ಸಿನ ಶಾರ್ತ್ರ್‌ನಲ್ಲಿ ತರಾತುರಿಯಲ್ಲಿ ಏರ್ಪಡಿಸಿದ ಪಂದ್ಯಗಳನ್ನು ಆಡಿದರು, ಫಿಡೆ ಅವನ್ನು ಪರಿಗಣಿಸಲಿಲ್ಲ. ಆಮೇಲೆ ರೂಆನ್ ಓಪನ್‌ನಲ್ಲಿ ಏಳಕ್ಕೆ ಏಳು ಗೆದ್ದು ಸೀಟು ಪಡೆದರು. ಆಟಗಾರರನ್ನು ದೂರುವುದು ನ್ಯಾಯವಲ್ಲ, ನಿಯಮ ಬಿಟ್ಟ ದಾರಿಯಲ್ಲೇ ಅವರು ನಡೆದರು. ದಾರಿ ಮುಚ್ಚುವ ಕೆಲಸ ಪಟ್ಟಿ ಮಾಡುವವರದು: ಜೂನ್ 1ಕ್ಕೆ ಎಂಟೂ ಟೂರ್ನಿಗಳ ಹೆಸರು ಪ್ರಕಟವಾಗಬೇಕು, ರದ್ದಾದದ್ದಕ್ಕೆ ಬದಲಿ ಬೇಕಾದರೆ 45 ದಿನ ಮೊದಲು ತಿಳಿಸಬೇಕು, ಜನವರಿಯ ನಂತರ ಯಾವುದನ್ನೂ ಸೇರಿಸಬಾರದು.

ಆಟಗಾರರು ಆರಿಸುವುದು ಹೇಗೆ

ಗುಣಕ 2 ಇರುವ ಟೂರ್ನಿಯಲ್ಲಿ ಆರನೆಯ ಸ್ಥಾನಕ್ಕೂ ಗುಣಕ 1 ಇರುವಲ್ಲಿ ಎರಡನೆಯ ಸ್ಥಾನಕ್ಕೂ ಸಿಗುವುದು ಅದೇ 10 ಅಂಕ. ಎಲ್ಲಿ ನಿಮಗೆ ಅದು ಸುಲಭ ಎಂಬುದನ್ನು ನೋಂದಣಿ ಪಟ್ಟಿ ನೋಡಿ ತೀರ್ಮಾನಿಸಿ. ಎಳೆಯರಾದರೆ ಬಲಿಷ್ಠ ಟೂರ್ನಿಯನ್ನೇ ಆರಿಸುವುದು ಒಳ್ಳೆಯದು, ಏಕೆಂದರೆ ರೇಟಿಂಗ್ ಲೆಕ್ಕದಲ್ಲೂ ಅಲ್ಲಿ ಸೋಲು ಅಗ್ಗ. ಸ್ಟ್ಯಾಂಡರ್ಡ್ ಆಟದಲ್ಲಿ 18ರೊಳಗಿನ, 2300ಕ್ಕಿಂತ ಕಡಿಮೆ ರೇಟಿಂಗ್‌ನವರಿಗೆ ಕೆ-ಗುಣಾಂಕ (ಒಂದು ಆಟದಿಂದ ರೇಟಿಂಗ್ ಎಷ್ಟು ಏರಿಳಿಯಬಹುದು ಎಂಬುದರ ಮಿತಿ) 40. 1450 ಇರುವ ಹುಡುಗ 1850ರವರಿಗೆ ಸೋತರೆ ಕಳೆದುಕೊಳ್ಳುವುದು 3.2 ಅಂಕ, ಡ್ರಾ ಮಾಡಿದರೆ ಗಳಿಸುವುದು 16.8, ಗೆದ್ದರೆ 36.8. ತನ್ನಷ್ಟೇ ರೇಟಿಂಗ್‌ನವರಿಗೆ ಸೋತರೆ ಹೋಗುವುದು ಪೂರ್ತಿ 20.

ಒಂದೇ ತಿಂಗಳಲ್ಲಿ ತುಂಬಾ ಟೂರ್ನಿ ತುರುಕಬೇಡಿ. ಕೆ ಮತ್ತು ಆಟಗಳ ಸಂಖ್ಯೆಯ ಗುಣಲಬ್ಧ ಒಂದು ರೇಟಿಂಗ್ ಅವಧಿಯಲ್ಲಿ 700 ದಾಟುವಂತಿಲ್ಲ, ದಾಟಿದರೆ ಫಿಡೆ ಕೆಯನ್ನೇ ಇಳಿಸುತ್ತದೆ. ರಜೆಯಲ್ಲಿ ಒಂಬತ್ತು ಸುತ್ತಿನ ಮೂರು ಟೂರ್ನಿ, ಅಂದರೆ 27 ಆಟ ಆಡಿದವರಿಗೆ ಕೆ 25ಕ್ಕೆ ಬೀಳುತ್ತದೆ. ಇನ್ನೂ ರೇಟಿಂಗ್ ಬಾರದವರು ರೇಟಿಂಗ್ ಉಳ್ಳವರು ಹೆಚ್ಚಿರುವ ಕಡೆ ಹೋಗಲಿ. ಮೊದಲ ರೇಟಿಂಗ್‌ಗೆ ಅಂಥವರ ಎದುರು ಕನಿಷ್ಠ ಐದು ಆಟ ಬೇಕು.

ಜಿಲ್ಲಾ, ರಾಜ್ಯ ತಂಡದ ಆಯ್ಕೆ ಆಯಾ ಸಂಸ್ಥೆಗಳ ನಿಯಮದಂತೆ ಬೇರೆಯೇ ನಡೆಯುತ್ತದೆ, ಈ ಪಟ್ಟಿಗೆ ಅದರಲ್ಲಿ ಪಾತ್ರವಿಲ್ಲ ಎಂದು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಹಾಕಿ. ಮೊದಲ ಎಂಟು ಮಂದಿಗೆ ಫೆಬ್ರವರಿಯಲ್ಲಿ ಎಲ್ಲರೂ ಎಲ್ಲರ ಎದುರೂ ಆಡುವ ಒಂದು ರೌಂಡ್ ರಾಬಿನ್ ಫೈನಲ್, ಮುಂದಿನ ಋತುವಿಗೆ ಉಚಿತ ಪ್ರವೇಶ. ಇಷ್ಟು ಕೊಟ್ಟರೆ ಮಕ್ಕಳು ಬರುತ್ತಾರೆ. ಪ್ರತಿ ಟೂರ್ನಿಯ ಮಾರನೆಯ ದಿನ ಸಂಜೆಯೊಳಗೆ ಪಟ್ಟಿ ಪ್ರಕಟವಾಗಲಿ, ಅದರಲ್ಲಿ ಎಂಟು ರೇಟಿಂಗ್, ಸರಾಸರಿ, ಗುಣಕ, ಮೂಲ ಅಂಕ, ಒಟ್ಟು ಅಂಕ ಹೀಗೆ ಎಲ್ಲ ಕಾಲಮ್ಮೂ ಇರಲಿ. ತಕರಾರಿಗೆ ಏಳು ದಿನ ಕೊಡಿ. ಪಾಂಡವಪುರದಲ್ಲಿ ಕೂತ ಅಪ್ಪನೊಬ್ಬ ಕ್ಯಾಲ್ಕ್ಯುಲೇಟರ್ ಹಿಡಿದು ತನ್ನ ಮಗಳ 13.61 ಅನ್ನು ತಾನೇ ತಾಳೆ ನೋಡುವಂತಿರಬೇಕು.