ಗದಾಧರನ ಕಥೆಯನ್ನು ಮಕ್ಕಳಿಗೆ ಹೇಳೋದು ಹೇಗೆ?

ಪೊನ್ನಂಪೇಟೆಯ ಆಶ್ರಮಕ್ಕೆ ಹೋಗಿಬಂದ ಮೊಮ್ಮಗ, "ರಾಮಕೃಷ್ಣ ಪರಮಹಂಸರು ಚಿಕ್ಕೋರಿದ್ದಾಗ ಹೇಗಿದ್ರಜ್ಜಿ?" ಅಂದ. ಇಂಥದ್ದನ್ನು ಮನೆಯೊಳಗೆ ಕೂತು ಹೇಳಬೇಡಿ. ಮಳೆಗಾಲದಲ್ಲಿ ಮೋಡ ಕಟ್ಟಿದ ಹೊತ್ತು ನೋಡಿ, ಮಗುವಿನ ಕೈಗೆ ಒಂದಿಷ್ಟು ಮಂಡಕ್ಕಿ ಕೊಟ್ಟು, ಗದ್ದೆ ಬದುವಿಗೆ ಕರ್ಕೊಂಡು ಹೋಗಿ. ಜಿಗಣೆಗೆ ಉಪ್ಪು ಮರೀಬೇಡಿ.

1836ರಲ್ಲಿ ಬಂಗಾಳದ ಕಾಮಾರಪುಕುರದಲ್ಲಿ ಹುಟ್ಟಿದ ಗದಾಧರ (ಪರಮಹಂಸರ ಚಿಕ್ಕಂದಿನ ಹೆಸರು), ಆರೇಳು ವರ್ಷದವನಿದ್ದಾಗ ಹೀಗೇ ಮಂಡಕ್ಕಿ ಮೆಲ್ಲುತ್ತಾ ಬದುವಿನ ಮೇಲೆ ಹೋಗುತ್ತಿದ್ದ. ಕಪ್ಪು ಮೋಡದೆದುರು ಬೆಳ್ಳಕ್ಕಿ ಸಾಲು ಹಾರಿತು. ನೋಡುತ್ತಾ ನೋಡುತ್ತಾ ಮೈಮರೆತು ಬಿದ್ದ, ಮಂಡಕ್ಕಿಯೆಲ್ಲ ಚೆಲ್ಲಾಪಿಲ್ಲಿ.

ಇಷ್ಟು ಹೇಳಿ ಸುಮ್ಮನಾಗಿ. ಶಿವರಾತ್ರಿ ನಾಟಕದಲ್ಲಿ ಶಿವನ ವೇಷ ತೊಟ್ಟು ನಿಂತಲ್ಲೇ ಮೈಮರೆತದ್ದು ಇನ್ನೊಂದು ದಿನಕ್ಕಿರಲಿ. ನಾನು "ಭಕ್ತಿ ಅಂದ್ರೆ..." ಅಂತ ಶುರುಮಾಡಿದ್ದೆ; ಹುಡುಗ ಏಡಿ ಹಿಡಿಯಲು ಗದ್ದೆಗಿಳಿದುಬಿಟ್ಟ.