ರೊಟ್ಟಿ ಅಕ್ಕನ ಚೀಲದಲ್ಲಿ ಇನ್ನೊಂದು ಸೀರೆ

ಪುಣೆಯ ಬಿಬವೇವಾಡಿಯಲ್ಲಿ ನಮ್ಮದು ಹತ್ತು-ಹನ್ನೆರಡು ಕನ್ನಡ ಮನೆಗಳ ಸಣ್ಣ ಗುಂಪು. ಜನವರಿ 3 ಸಾವಿತ್ರಿಬಾಯಿ ಫುಲೆ ಹುಟ್ಟಿದ ದಿನ. ಪ್ರತಿ ವರ್ಷ ಅವತ್ತು ನಮ್ಮ ನಡುವಿನ ಒಬ್ಬ ಹೆಣ್ಣುಮಗಳನ್ನು ಕರೆದು ಗೌರವಿಸುತ್ತೇವೆ. ಶುರು ಮಾಡಿದ್ದು ನಾನು. ಮೊದಲ ಸಲ ತಪ್ಪಿದ್ದೂ ನಾನೇ.

ಮೊದಲು ಆರಿಸಿದ್ದು ರೊಟ್ಟಿ ಅಕ್ಕನನ್ನು. ಕಲಬುರಗಿ ಕಡೆಯವರು. ಬೆಳಗಿನ ಜಾವ ಎದ್ದು ಜೋಳದ ರೊಟ್ಟಿ ಬಡಿದು ಮಾರುತ್ತಾರೆ, ಆಮೇಲೆ ನಾಲ್ಕು ಮನೆಯ ಪಾತ್ರೆ, ಬಟ್ಟೆ. ಗಂಡ ಇಲ್ಲ. ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ್ದಾರೆ. ಸಂಜೆ ಆರಕ್ಕೆ ಕಾರ್ಯಕ್ರಮ ಇಟ್ಟೆವು. ಶಾಲು, ಹಣ್ಣಿನ ಬುಟ್ಟಿ, ಮೂರು ಭಾಷಣ. ಅಕ್ಕ ಕುರ್ಚಿಯ ತುದಿಯಲ್ಲಿ ಕೂತು ಗಡಿಯಾರ ನೋಡುತ್ತಿದ್ದರು. ಏಳಕ್ಕೆ ಎದ್ದು, "ಎರಡ ಮನಿ ಭಾಂಡೆ ಉಳದಾವ್ರೀ ಅಕ್ಕಾರ" ಎಂದು ಹೊರಟೇಬಿಟ್ಟರು. ಅಷ್ಟು ಹೊತ್ತು ಮಾತಾಡಿದ್ದು ನಾವು. ಅವರ ಬಾಯಿಂದ ಒಂದು ಮಾತೂ ಬಂದಿರಲಿಲ್ಲ. ಇದು ನನ್ನನ್ನು ತುಂಬಾ ದಿನ ಕಾಡಿತು.

ಮುಂದಿನ ವರ್ಷ ಮತ್ತೆ ಅವರನ್ನೇ ಕರೆಯೋಣ ಎಂದೆ. ಈ ಸಲ ಡಿಸೆಂಬರಿನಲ್ಲೇ ಒಂದು ನೋಟ್‌ಬುಕ್ ಹಿಡಿದು ಅವರ ಮನೆಗೆ ಹೋದೆ. ಬೆಳಗ್ಗೆ ಐದಕ್ಕೆ. ಅವರು ಹೇಳಿದ ಹೊತ್ತು ಅದು. ಎಸರಿಗೆ ಹಿಟ್ಟು ಹಾಕಿ ನಾದುತ್ತಿದ್ದರು. ಉಂಡೆ ಮಾಡಿ, ಒಣಹಿಟ್ಟು ಉದುರಿಸಿ, ಅಂಗೈಯಿಂದ ತಟ್ಟುತ್ತಾ ತಿರುಗಿಸುತ್ತಾ ಹೋದರೆ ರೊಟ್ಟಿ ತಾನಾಗೇ ಹರಡುತ್ತದೆ. ಹಂಚಿಗೆ ಹಾಕಿ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ಆ ಬಟ್ಟೆ ಹಿಡಿಯುವ ಬೆರಳ ತುದಿಗಳು ಕಪ್ಪಾಗಿ ಗಟ್ಟಿಯಾಗಿವೆ.

"ನಿಮ್ಮ ಸಾಧನೆ ಏನು" ಅಂತ ಕೇಳಿದರೆ ಯಾರೂ ಉತ್ತರ ಹೇಳೋದಿಲ್ಲ. "ನಿನ್ನೆ ಎದ್ದ ಮೇಲೆ ಏನೇನು ಮಾಡಿದಿರಿ" ಎಂದು ಕೇಳಬೇಕು. ನಾನು ಹಾಗೇ ಕೇಳಿದೆ. ನಡುವೆ ಸಾವಿತ್ರಿಬಾಯಿಯವರ ವಿಷಯವನ್ನೂ ಹೇಳಿದೆ. ಮದುವೆಯಾದಾಗ ಅವರಿಗೆ ಓದು ಬರುತ್ತಿರಲಿಲ್ಲ. ಗಂಡ ಜ್ಯೋತಿರಾವ್ ಕಲಿಸಿದರು. 1848ರಲ್ಲಿ ಇದೇ ಪುಣೆಯ ಭಿಡೆ ವಾಡೆಯಲ್ಲಿ ಇಬ್ಬರೂ ಸೇರಿ ಹೆಣ್ಣುಮಕ್ಕಳ ಶಾಲೆ ತೆರೆದರು. ದಾರಿಯಲ್ಲಿ ಜನ ಕೆಸರು, ಸಗಣಿ ಎರಚುತ್ತಿದ್ದರು, ಅದಕ್ಕೇ ಅವರು ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗುತ್ತಿದ್ದರು ಎಂದೆ.

ಅಕ್ಕನ ಕೈ ನಿಂತಿತು. ಗೋಡೆಯ ಮೊಳೆಗೆ ನೇತುಹಾಕಿದ್ದ ಚೀಲ ತೋರಿಸಿದರು.

"ನಾನೂ ಒಯ್ತೀನ್ರಿ ಇನ್ನೊಂದ ಸೀರಿ. ಬಟ್ಟಿ ಒಗದ ಮ್ಯಾಲ ಉಟ್ಟದ್ದು ತೊಯ್ದು ತೊಪ್ಪಿ ಆಗಿರ್ತದ. ಹಂಗ ಬಸ್ಸಿನ್ಯಾಗ ಹೆಂಗ ಕುಂದರ್ಲಿ?"

ಅದನ್ನು ಹಾಗೇ ಬರೆದುಕೊಂಡೆ. ಅವರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಲಿಲ್ಲ. ತಿದ್ದಿದ್ದರೆ ಅದು ನನ್ನ ಮಾತಾಗುತ್ತಿತ್ತು, ಅಲ್ವಾ?

ಕಾರ್ಯಕ್ರಮ ಮಧ್ಯಾಹ್ನ ಮೂರಕ್ಕೆ, ಅವರಿಗೆ ಬಿಡುವಿರುವ ಹೊತ್ತಿಗೆ. ನಾಲ್ಕೂ ಮನೆಯವರ ಹತ್ತಿರ ಮೊದಲೇ ಮಾತಾಡಿ, ಸಂಬಳ ಹಿಡಿಯದೆ ಆ ದಿನ ರಜೆ ಕೊಡಿಸಿದೆವು. ಇದು ಶಾಲಿಗಿಂತ ಮುಖ್ಯ. ಶಾಲಿನ ದುಡ್ಡಿಗೆ ಅವರೇ ಕೇಳಿದ ದೊಡ್ಡ ಹಂಚು ತಂದೆವು. ಭಾಷಣ ಇಲ್ಲ. ನೋಟ್‌ಬುಕ್ಕಿನಲ್ಲಿದ್ದದ್ದನ್ನು ನಾನು ಓದಿದೆ. ಅರ್ಧಕ್ಕೇ ಅಕ್ಕ ತಡೆದರು. "ಹಂಗಲ್ರಿ, ನಾ ಹೇಳ್ತೀನಿ ತಡೀರಿ" ಎಂದು ಶುರು ಮಾಡಿದವರು ಅರ್ಧ ಗಂಟೆ ಮಾತಾಡಿದರು. ಕಾಲೇಜಿನ ಫೀಸಿಗೆ ಅಮ್ಮ ಬೆಂಡೋಲೆ ಅಡ ಇಟ್ಟಿದ್ದರು ಅಂತ ದೊಡ್ಡ ಮಗಳಿಗೆ ಅವತ್ತೇ ಗೊತ್ತಾಗಿದ್ದು. ಅವಳು ಎದ್ದು ಬಂದು ಅಮ್ಮನ ಪಕ್ಕ ನೆಲದ ಮೇಲೆ ಕೂತಳು.

ಕೊನೆಗೆ, ಮುಂದಿನ ವರ್ಷ ಯಾರನ್ನು ಕರೆಯೋಣ ಎಂದು ಅಕ್ಕನನ್ನೇ ಕೇಳಿದೆ. ಅಂದಿನಿಂದ ಇದೇ ಪದ್ಧತಿ. ಈ ವರ್ಷ ಗೌರವಿಸುವವರನ್ನು ಹೋದ ವರ್ಷದವರು ಹೇಳುತ್ತಾರೆ. ಅಕ್ಕ ಹೇಳಿದ್ದು ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಆರಿಸುವ ಒಬ್ಬ ಅಜ್ಜಿಯ ಹೆಸರು. ಊರಿನಿಂದ ಬಂದ ಹೊಸದರಲ್ಲಿ ಅಕ್ಕನಿಗೂ ಮಕ್ಕಳಿಗೂ ಎರಡು ತಿಂಗಳು ಜಾಗ ಕೊಟ್ಟವರಂತೆ. ಅಜ್ಜಿಯನ್ನು ನೋಡಬೇಕೆಂದು ಹೇಳಿಕಳಿಸಿದೆ. ಲಾರಿ ಖಾಲಿಯಾಗಬೇಕು, ಎರಡರ ಮೇಲೆ ಬಾ ಅಂದರು.